ರೆಕ್ಕೆಯಡಿಯ ಬಾಂಬು ಕೊಕ್ಕೆ

ಅಪ್ಪಯ್ಯ ಯುದ್ಧಕ್ಕೆ ಹೋಗಿದ್ದರು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಉಳಿದಿದ್ದ ಸಾಕ್ಷಿ ಒಂದು ಫೋಟೋ ಮಾತ್ರ. ಅಂಗೈಯಗಲದ್ದು. ಬರ್ಮಾ ಗಡಿಯ ಯಾವುದೋ ಬಯಲಿನಲ್ಲಿ, ಲೈಸಾಂಡರ್ ವಿಮಾನದ ಚಕ್ರದ ಬಳಿ, ಖಾಕಿ ಚಡ್ಡಿ ತೊಟ್ಟು ಮಂಡಿಯೂರಿ ಕೂತಿದ್ದಾರೆ. ಬ್ರಿಟಿಷರ ಆ ವಿಮಾನಗಳಿಗೆ ಬಾಂಬು ಕಟ್ಟುವುದು ಅವರ ಕೆಲಸವಾಗಿತ್ತು. ಊರಿಗೆ ಮರಳಿದ ಮೇಲೆ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಆದರು. ಯುದ್ಧದ ಮಾತು ತೆಗೆದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು.

ನಾನು ಮುಂಬಯಿಯ ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುತ್ತಿದ್ದವನು. ನಿವೃತ್ತನಾಗಿ ಕುಂದಾಪುರಕ್ಕೆ ಬಂದ ಮೇಲೆ ಪ್ಲಾಸ್ಟಿಕ್ ವಿಮಾನ ಜೋಡಿಸುವ ಹುಚ್ಚು ಹತ್ತಿತು. ಎರಡು ವರ್ಷದ ಹಿಂದೆ ಲೈಸಾಂಡರಿನ ಕಿಟ್ ತರಿಸಿದೆ. ಅಪ್ಪಯ್ಯನ ಫೋಟೋದಲ್ಲಿರುವ ವಿಮಾನವನ್ನೇ ಮಾಡಬೇಕೆಂಬ ಆಸೆ. ಎಲ್ಲ ಸರಿಯಿತ್ತು, ಬಾಂಬು ಸಿಕ್ಕಿಸುವ ಚೌಕಟ್ಟು ಮಾತ್ರ ಬರೀ ಬೆಂಕಿಕಡ್ಡಿಯ ತುಂಡಿನಂತಿತ್ತು. ಚಕ್ರದ ಮೇಲಿನ ಮರಿರೆಕ್ಕೆಯ ಅಡಿಯಲ್ಲಿ ಬರುವ ಭಾಗ ಅದು. ಬೇರೆ ಯಾರಿಗಾದರೂ ಅಷ್ಟು ಸಾಕಾಗುತ್ತಿತ್ತು. ಅಪ್ಪಯ್ಯನ ಕೈ ಮುಟ್ಟಿದ್ದು ಅದೇ ಭಾಗವನ್ನಾದ್ದರಿಂದ ನನಗೆ ಸಾಕಾಗಲಿಲ್ಲ.

ಹುಡುಕಲು ಕೂತೆ. ಒಂದು ಫೋಟೋದಲ್ಲಿ ಮುಂದಿನ ತುದಿ ಕಂಡರೆ ಇನ್ನೊಂದರಲ್ಲಿ ಅದು ನೆರಳಿನಲ್ಲಿ ಮುಚ್ಚಿರುತ್ತಿತ್ತು. ವಸ್ತುಸಂಗ್ರಹಾಲಯದಲ್ಲಿಟ್ಟ ವಿಮಾನಗಳಿಗೆ ಬೇರೆ ಯಾವುದೋ ಚೌಕಟ್ಟು ಹಾಕಿದ್ದರು. ಕೊನೆಗೆ ಮಾಡೆಲ್ ಮಾಡುವವರ ಜಾಲತಾಣವೊಂದರಲ್ಲಿ ಇಂಗ್ಲೆಂಡಿನ ಒಬ್ಬ ಮುದುಕರು ಸಿಕ್ಕಿದರು. ಆಯುಷ್ಯದ ಅರ್ಧ ಬಾಂಬು ಚೌಕಟ್ಟುಗಳನ್ನೇ ಅಳೆಯುತ್ತ ಕಳೆದವರು. ನಾನು ಕಳುಹಿಸಿದ ಅಪ್ಪಯ್ಯನ ಫೋಟೋ ನೋಡಿದ ಎರಡನೆಯ ದಿನವೇ ಯುದ್ಧಕಾಲದ ಕೈಪಿಡಿಯ ಪುಟಗಳನ್ನು ಕಳುಹಿಸಿದರು. ಸಣ್ಣ ಬಾಂಬು ನಾಲ್ಕು ಹಿಡಿಯುವ ಹಗುರ ಚೌಕಟ್ಟು ಅದು. ಒಂದೊಂದು ಬಾಂಬಿಗೆ ಒಂದೊಂದು ಕೊಕ್ಕೆ, ಅದು ಅಲುಗಾಡದಂತೆ ಎರಡು ಬದಿಯಿಂದ ಒತ್ತಿ ಹಿಡಿಯುವ ತಿರುಪಿನ ಕಾಲುಗಳು, ಮೇಲೆ ವಿದ್ಯುತ್ತಿನಿಂದ ಕೊಕ್ಕೆ ಬಿಚ್ಚುವ ಪುಟ್ಟ ಪೆಟ್ಟಿಗೆ. ನನ್ನ ಮಾಡೆಲಿನಲ್ಲಿ ಇಡೀ ಚೌಕಟ್ಟು ಬೆರಳಿನ ಒಂದು ಗೆಣ್ಣಿನಷ್ಟಾಗುತ್ತಿತ್ತು. ತೆಳು ತಗಡು ಕತ್ತರಿಸಿ, ಭೂತಗನ್ನಡಿಯ ಕೆಳಗೆ ಹದಿನೈದು ದಿನ ಕೂತು ಮಾಡಿದೆ.

ಮಾಡಿದ್ದರ ಫೋಟೋ ತೆಗೆದು ಕಳುಹಿಸಿದಾಗ ಆ ಮುದುಕರು ಉತ್ತರದ ಕೊನೆಗೆ ಒಂದು ಮಾತು ಬರೆದಿದ್ದರು. ಕೊಕ್ಕೆ ಮುಚ್ಚಿದಂತೆ ಕಂಡರೂ ಒಳಗಿನ ಸನ್ನೆಕೋಲು ಸರಿಯಾಗಿ ಕೂತಿದೆಯೋ ಇಲ್ಲವೋ ಹೊರಗಿನಿಂದ ಹೇಳುವುದು ಕಷ್ಟ, ಅದಕ್ಕೇ ಬಾಂಬು ಕಟ್ಟುವವರು ಕೈಯಿಂದ ಒಂದು ಸಲ ಜಗ್ಗಿ ನೋಡುತ್ತಿದ್ದರು ಎಂದು.

ಅದನ್ನು ಓದಿ ನನಗೆ ಮುಂದೆ ಕೆಲಸ ಮಾಡಲಾಗಲಿಲ್ಲ.

ಮಗಳು ನಾಲ್ಕು ತಿಂಗಳವಳಾಗಿದ್ದಾಗ ನಾವು ಮುಂಬಯಿಯಿಂದ ರಜೆಯಲ್ಲಿ ಬೀಜಾಡಿಯ ಅಪ್ಪಯ್ಯನ ಮನೆಗೆ ಬಂದಿದ್ದೆವು. ಜಂತಿಯ ಕೊಕ್ಕೆಗೆ ತೊಟ್ಟಿಲು ಕಟ್ಟಿತ್ತು. ಮಗು ಮಲಗಿದ ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಬರುವರು, ಹಗ್ಗ ಹಿಡಿದು ಜಗ್ಗುವರು, ಮಗು ಎದ್ದು ಅಳುವುದು. ದಿನಕ್ಕೆ ನಾಲ್ಕೈದು ಸಲ. ನನ್ನ ಹೆಂಡತಿಗೆ ನಿದ್ದೆಯಿರಲಿಲ್ಲ, ನನಗೆ ತಾಳ್ಮೆಯಿರಲಿಲ್ಲ. ಒಂದು ಮಧ್ಯಾಹ್ನ, ಮನೆಯವರೆಲ್ಲರ ಎದುರು ಕೇಳಿಬಿಟ್ಟೆ: "ನಿಮ್ಗೆ ಎಂತ ಮರ್ಲಾ ಅಪ್ಪಯ್ಯ?"

ಅವರು ಹಗ್ಗದಿಂದ ಕೈ ತೆಗೆದರು. ನಾವು ಹೊರಡುವವರೆಗೂ ಆ ಕೋಣೆಯೊಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ಮೇಲೆ ಕೊಕ್ಕೆಯನ್ನೇ ನೋಡುತ್ತಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳಿ ಎಂದರೂ ಬರಲಿಲ್ಲ.

ಬ್ರಹ್ಮಾವರದಲ್ಲಿ ಅಕ್ಕ ಇದ್ದಾಳೆ, ನನಗಿಂತ ಎಂಟು ವರ್ಷ ದೊಡ್ಡವಳು. ಅಪ್ಪಯ್ಯ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಹಾಸಿಗೆಯ ಬದಿಯಲ್ಲಿ ಕೂತವಳು ಅವಳೇ. ಮರುದಿನ ಬೆಳಿಗ್ಗೆ ಚೌಕಟ್ಟನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಅಂಗೈ ಮೇಲಿಟ್ಟು ತೋರಿಸಿ, ಇದು ಏನೆಂದು ವಿವರಿಸಿದೆ. ಅಕ್ಕನಿಗೆ ಅಷ್ಟು ಸಣ್ಣದು ಕಾಣಲಿಲ್ಲ. ಆದರೆ ಕೊಕ್ಕೆ ಜಗ್ಗುವ ಮಾತು ಬಂದದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಒಂದಿನ ಅಪ್ಪಯ್ಯ ಜಗ್ಗಿ ಕಾಣ್ಲಿಲ್ಯಂಬ್ರ್ ತಮ್ಮ," ಎಂದಳು. "ಗಡಿಬಿಡಿಯಂಗೆ ಮರ್ತೇ ಹೋಯ್ತಂಬ್ರ್. ಬಾಂಬ್ ಬಿದ್ದ್ ಸಿಡೀತ್. ಒಟ್ಟಿಗಿದ್ದವ ಅಲ್ಲೇ ಹೋದ."

ಸತ್ತವನು ಅಪ್ಪಯ್ಯನ ಜೋಡಿ ಕೆಲಸಗಾರ, ತಮಿಳಿನವನು. ಇಬ್ಬರೂ ಒಂದೇ ಗುಡಾರದಲ್ಲಿದ್ದರಂತೆ. ಸ್ಪ್ಯಾನರ್ ತರಲು ಗುಡಾರದವರೆಗೆ ಹೋಗಿದ್ದಕ್ಕೆ ಅಪ್ಪಯ್ಯ ಉಳಿದರು. ಇಷ್ಟನ್ನೂ ಅವರು ಆಸ್ಪತ್ರೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿ ಹೇಳಿದ್ದರು. ಅಮ್ಮನಿಗೆ ಹೇಳಿರಲಿಲ್ಲ. ನನಗೇಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ.

"ನೀ ಕೇಂಡದ್ದೇ ಇಲ್ಯಲೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ತೊಟ್ಟಿಲಿನ ದಿನ ನಾನೊಂದು ಪ್ರಶ್ನೆ ಕೇಳಿದ್ದೆ ಎಂಬುದು, ಅಂದು ಅಲ್ಲೇ ಇದ್ದ ಅವಳಿಗೂ ನೆನಪಿದ್ದಿರಬೇಕು. ಇಬ್ಬರೂ ಅದನ್ನು ಎತ್ತಲಿಲ್ಲ.

ಮನೆಗೆ ಬಂದವನು ಇಂಗ್ಲೆಂಡಿನ ಮುದುಕರಿಗೆ ಎಲ್ಲ ಬರೆದೆ. ಸವೆದ ಸನ್ನೆಕೋಲಾದರೆ ಜಗ್ಗಿ ನೋಡಿದ ಮೇಲೂ ಬಾಂಬು ಕಳಚಬಹುದಲ್ಲವೇ, ತಪ್ಪು ಚೌಕಟ್ಟಿನದೇ ಇರಬಹುದಲ್ಲವೇ ಎಂದು ಕೇಳಿದೆ. ಅವರು ವಾರ ತೆಗೆದುಕೊಂಡು ಉತ್ತರಿಸಿದರು. ಹಾಗೂ ಆಗಬಹುದು, ಆಗದಿರಲೂಬಹುದು. ಆ ದಿನದ ಆ ಕೊಕ್ಕೆಯನ್ನು ನೋಡದೆ ಯಾರೂ ಹೇಳಲಾರರು, ನಿಮಗೆ ಸಮಾಧಾನವಾಗಲೆಂದು ನಾನು ಸುಳ್ಳು ಬರೆಯಲಾರೆ ಎಂದು. ಆ ಕಾಗದವನ್ನು ಕನ್ನಡಕ್ಕೆ ತಿರುಗಿಸಿ ಅಕ್ಕನಿಗೆ ಫೋನಿನಲ್ಲಿ ಓದಿದೆ. 'ಆಗಬಹುದು' ಎಂಬಲ್ಲಿ ನನ್ನ ದನಿ ಸ್ವಲ್ಪ ಏರಿರಬೇಕು.

"ಇದನ್ನ್ ಕೇಂಬುಕೆ ಅವ್ರೇ ಇಲ್ಯಲೆ ತಮ್ಮ," ಎಂದಳು ಅಕ್ಕ. ಆಮೇಲೆ, ಆ ತಮಿಳಿನವನ ಮನೆಯವರಿಗೆ ಅವನು ಹೇಗೆ ಸತ್ತನೆಂದು ಯಾರಾದರೂ ಹೇಳಿರಬಹುದೇ ಎಂದು ಕೇಳಿದಳು. ನನಗೆ ಅದು ಹೊಳೆದೇ ಇರಲಿಲ್ಲ.

ಲೈಸಾಂಡರ್ ಮುಗಿಯಿತು, ಕಪಾಟಿನಲ್ಲಿದೆ. ಈಗ ನಾನು ಬೆಳಗಿನ ಹೊತ್ತು ಕಂಪ್ಯೂಟರಿನಲ್ಲಿ ಆ ಗಡಿಯ ಯುದ್ಧ ಸ್ಮಶಾನಗಳ ಪಟ್ಟಿ ನೋಡುತ್ತೇನೆ. ತಮಿಳು ಹೆಸರುಗಳು ಪುಟಪುಟ ಇವೆ. ಅಪ್ಪಯ್ಯ ಅವನ ಹೆಸರನ್ನು ಅಕ್ಕನಿಗೂ ಹೇಳಿರಲಿಲ್ಲ. ಆದ್ದರಿಂದ ಯಾವ ಹೆಸರಿನ ಮುಂದೆ ನಿಲ್ಲಬೇಕೆಂದು ತಿಳಿಯದೆ, ಒಂದೊಂದನ್ನೂ ಓದುತ್ತ ಹೋಗುತ್ತೇನೆ.