ಒಲೆಗೆ ಕರೆಂಟ್ ಹಚ್ಚಿದ್ದು

ನಮ್ಮ ಕಡೆ ಹಚ್ಚುವುದಕ್ಕೆ ಮಿತಿಯಿಲ್ಲ. ದೀಪ ಹಚ್ಚುತ್ತೇವೆ, ಸರಿ. ಫ್ಯಾನೂ ಹಚ್ಚುತ್ತೇವೆ, ಗೋಡೆಗೆ ಬಣ್ಣ ಹಚ್ಚುತ್ತೇವೆ, ಮಕ್ಕಳನ್ನು ಶಾಲೆಗೆ ಹಚ್ಚುತ್ತೇವೆ, ಬಿಡುವಿದ್ದರೆ ಇಬ್ಬರ ನಡುವೆ ಜಗಳ ಹಚ್ಚುತ್ತೇವೆ. ಇಷ್ಟೆಲ್ಲ ದುಡಿಯುವ ಮಾತು ಒಂದು ದಿನ ಕೈಕೊಟ್ಟೀತೆಂದು ನನಗೆ ಹೊಳೆಯಬೇಕಿತ್ತು.

ಕೊಟ್ಟೂರಿನ ನಮ್ಮ ಅಡುಗೆಮನೆಯಲ್ಲಿ ನೆಲಮಟ್ಟಕ್ಕೆ, ಗೋಡೆಯೊಳಗೆ ಗೂಡಿನಂತೆ ಕಟ್ಟಿದ ಹಳೆಯ ಸೌದೆ ಒಲೆಯಿದೆ. ಮೂರು ವರ್ಷದ ಹಿಂದೆ ನಾನು ಹಟ ಹಿಡಿದು ಸೊಂಟದೆತ್ತರದ ಗ್ರಾನೈಟ್ ಕಟ್ಟೆ ಕಟ್ಟಿಸಿ ಅದರ ಮೇಲೆ ಗ್ಯಾಸ್ ಇಟ್ಟೆ. ಅಂದಿನಿಂದ ಆ ಒಲೆ ತಣ್ಣಗಾಯಿತು, ರೊಟ್ಟಿ ಬಡಿಯುವ ಕೆಲಸ ಅತ್ತೆಯಿಂದ ನನ್ನ ಕೈಗೆ ಬಂತು. ಸೊಸೆಗೆ ಇಷ್ಟು ಸುಲಭವಾಗಿ ಅಧಿಕಾರ ಬಿಟ್ಟುಕೊಡುವ ಅತ್ತೆ ಯಾರಿಗುಂಟು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಕಟ್ಟೆಯ ಮೇಲೆ ಮಿಕ್ಸಿಗೆ ಜಾಗ ಸಾಲದಾದಾಗ ಆ ಗೂಡು ಕಣ್ಣಿಗೆ ಬಿತ್ತು. ಒಳಗೊಂದು ಪ್ಲಗ್ ಪಾಯಿಂಟ್ ಹಾಕಿಸಿದರೆ ಮಿಕ್ಸಿ ಅಲ್ಲೇ ಕೂತು ಎಷ್ಟು ಬೇಕಾದರೂ ಒದರಲಿ.

"ಅತ್ತೀ, ನಾಳೆ ಕರೆಂಟಿನಂವ ಬರ್ತಾನ್ರಿ. ಒಲಿಗೆ ಕರೆಂಟ್ ಹಚ್ತಾನ," ಎಂದೆ.

"ಹೌದಾ? ಚಲೋ ಆತು ಬಿಡವ್ವ."

ಒಂದು ಮೊಳೆ ಹೊಡೆದರೂ ಕಾರಣ ಕೇಳುವವರು ಇಷ್ಟು ಬೇಗ ಒಪ್ಪಿದರು! ನನ್ನ ಮಾತಿನ ಚಾತುರ್ಯಕ್ಕೆ ನಾನೇ ಬೀಗಿದೆ.

ಮರುದಿನ ಬೆಳಿಗ್ಗೆ ಅವರು ಒಲೆ ಗುಡಿಸಿ, ಸಾರಿಸಿ, ವಿಭೂತಿ ಹಚ್ಚಿದರು. ಹಳೆಯ ಒಲೆಯನ್ನು ಹೀಗೆ ಬೀಳ್ಕೊಡುತ್ತಿದ್ದಾರೆಂದು ನನ್ನ ಕಣ್ಣು ತೇವವಾಯಿತು. ಕರೆಂಟಿನವನು ಬಂದು ಗೂಡಿನೊಳಗೆ ತಲೆ ತೂರಿಸಿದ. "ಅಕ್ಕಾರ, ಬಚ್ಚಲದಾಗ ಪ್ಲಗ್ ಹಾಕಿಸಿದವ್ರು ಅದಾರ. ಒಲ್ಯಾಗ ಹಾಕಿಸಿದವ್ರು ನೀವ ಮೊದಲು ನೋಡ್ರಿ," ಎಂದ. ಡ್ರಿಲ್ ಹೊಡೆದಾಗ ಅಷ್ಟು ವರ್ಷದ ಮಸಿಯೆಲ್ಲ ಅವನ ಮೈಮೇಲೆ ಇಳಿಯಿತು. ಮುಖ ತೊಳೆದುಕೊಂಡು ಹೋದ.

ನಾನು ಮಿಕ್ಸಿ ಎತ್ತಿಕೊಂಡು ಬಂದರೆ ಅತ್ತೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾರೆ. ಪರಾತದಲ್ಲಿ ಸಾಣಿಸಿದ ಜೋಳದ ಹಿಟ್ಟು, ಪಕ್ಕದಲ್ಲಿ ತಿಕ್ಕಿ ತೊಳೆದ ಕಬ್ಬಿಣದ ಹಂಚು.

"ಎಲ್ಲಿ, ಹಚ್ಚು ನೋಡೂನು," ಎಂದರು.

"ಇದು ಮಿಕ್ಸಿಗ್ರೀ ಅತ್ತಿ."

ಅವರು ಮಿಕ್ಸಿ ನೋಡಿದರು, ಹಿಟ್ಟು ನೋಡಿದರು. "ಕರೆಂಟಿನ ಒಲಿ ಅಂದ್ಕೊಂಡಿದ್ದೆ. ಕುಂತು ರೊಟ್ಟಿ ಮಾಡಬೌದು ಅಂತ. ಆ ಕಟ್ಟಿ ಮುಂದ ನಿಂದ್ರಾಕ ನನ್ನ ಮೊಣಕಾಲಿಗೆ ಎಲ್ಲಿ ಆಗತೈತಿ?"

"ಮೂರು ವರ್ಷ ಯಾಕ ಹೇಳ್ಲಿಲ್ರಿ?"

"ಕಟ್ಟಿ ಆದಾಗ ಓಣಿ ಮಂದೀನೆಲ್ಲ ಕರಕೊಂಡು ಬಂದು ತೋರಿಸಿದ್ದಿ. ಅಷ್ಟು ಖುಷಿ ಇದ್ದಿ. ಹ್ಯಾಂಗ ಹೇಳ್ಲಿ?"

ನನಗೆ ನಾಚಿಕೆಯಾಯಿತು. ಅಧಿಕಾರ ಬಿಟ್ಟುಕೊಟ್ಟವರಲ್ಲ ಅವರು, ನಾನೇ ಅದನ್ನು ಅವರ ಕೈಗೆಟುಕದ ಎತ್ತರದಲ್ಲಿ ಇಟ್ಟಿದ್ದೆ.

ಪುಣ್ಯಕ್ಕೆ ಕರೆಂಟಿನವನು ದೊಡ್ಡ ಪ್ಲಗ್ಗೇ ಹಾಕಿದ್ದ. ಸಂಜೆಯೊಳಗೆ ಪೇಟೆಯಿಂದ ಕರೆಂಟಿನ ಒಲೆ ತಂದು ಗೂಡಿನಲ್ಲಿಟ್ಟೆ. ಅತ್ತೆ ಕೂತು ರೊಟ್ಟಿ ಬಡಿದರು, ಮೊದಲನೆಯದನ್ನು ನನ್ನ ತಾಟಿಗೆ ಹಾಕಿದರು. ತೆಳ್ಳಗೆ, ಮೆತ್ತಗೆ, ಒಂದು ಬಿರುಕಿಲ್ಲ. ಒಂದು ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾಯಿತು, ಮೂರು ವರ್ಷ ಈ ಹೆಂಗಸು ನನ್ನ ಕೈಯಿಂದ ಏನನ್ನು ತಿಂದುಕೊಂಡು ಸುಮ್ಮನಿದ್ದರೆಂದು.