ಎರಡು ಹಾರ್ನ್

ಬೆಳಿಗ್ಗೆ ಮನೆಯೆದುರು ಲಾರಿಯೊಂದು ಎರಡು ಸಲ ಹಾರ್ನ್ ಹೊಡೆದು ಹೋಯಿತು. ಹಾಸನೂರಿನ ನಮ್ಮ ರಸ್ತೆಬದಿಯ ಮನೆ ನೆನಪಾಯಿತು.

ಅಪ್ಪ ಲಾರಿಗೆ ರಾಗಿ ಮೂಟೆ ತುಂಬಿ, ಟಾರ್ಪಾಲು ಬಿಗಿದು, ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುತ್ತಿದ್ದರು. ಕೆಳಗೆ ಅವರನ್ನು ಕಂಡ ಬೇರೆ ಲಾರಿಯ ಡ್ರೈವರು ಮೇಲೆ ಬಂದಾಗ ನಮ್ಮ ಮನೆ ಮುಂದೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅಪ್ಪ ಕ್ಷೇಮವಾಗಿ ಇಳಿದರೆಂದು ಅರ್ಥ.

ಒಂದು ದಿನ ಅಪ್ಪನ ಗೆಳೆಯ ಮಾದಪ್ಪನ ಲಾರಿ ಘಾಟಿ ಹತ್ತಿ ಬಂದು, ಹಾರ್ನ್ ಹೊಡೆಯದೆ ನಮ್ಮ ಮನೆ ದಾಟಿ ಟೀ ಅಂಗಡಿಯ ಬಳಿ ನಿಂತಿತು. ಅವ್ವ ಸೊಪ್ಪು ಸೋಸುವುದನ್ನು ಬಿಟ್ಟು, ನನ್ನ ಕೈ ಹಿಡಿದು ಅತ್ತ ನಡೆದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

"ಯಾಕಣ್ಣ, ಆರ್ನ್ ಒಡೀನೇ ಇಲ್ವಲ್ಲ?"

"ಕೆಟ್ಟೋಗದೆ ಕಣಕ್ಕ. ತಿರುವಿಗೊಂದ್ಸಲ ಬಾಯಲ್ಲೇ ಕೂಗ್ಕೊಂಡು ಬಂದಿವ್ನಿ. ನಿಮ್ಮೋರು ಘಾಟಿ ಕೆಳ್ಗೆ ಬಣ್ಣಾರಿಲಿ ಇಡ್ಲಿ ತಿಂತಾ ಕುಂತವ್ರೆ."

"ಅಂಗೇ ನಮ್ಮನೆ ಮುಂದ್ಲೂ ಕೂಗೋಕೇನಾಗಿತ್ತು?" ಎಂದಳು ಅವ್ವ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು.

ಹಿಂದಿರುಗುವಾಗ ಅವಳು ದಾರಿಯ ಮೋರಿಕಟ್ಟೆಯ ಮೇಲೆ ಕುಸಿದು ಕುಳಿತಳು.

"ಅಪ್ಪ ಇಳುದ್ರಂತಲ್ಲ, ಅವ್ವ?" ಎಂದೆ.

"ಅದುಕ್ಕೇ ಕಣಮ್ಮಿ. ಸುಮ್ಕಿರು."

ರಾತ್ರಿ ಬಸ್ಸಿಗೆ ಹೊರಟಿದ್ದ ಮಗಳು, ಊರು ತಲುಪಿದೆನೆಂದು ಈಗಷ್ಟೇ ಸಂದೇಶ ಕಳಿಸಿದ್ದಾಳೆ. ಎರಡು ಸಲ ಓದಿದೆ. ಕುರ್ಚಿಯಿಂದ ಏಳಲು ಇನ್ನೂ ಸ್ವಲ್ಪ ಹೊತ್ತು ಬೇಕು.