ತೊಳೆದಿಟ್ಟ ಫ್ರಿಜ್

ಸಿಂಗಸಂದ್ರದ ನಮ್ಮ ಕಟ್ಟಡದಲ್ಲಿ ಕೆಳಮನೆಯ ಅಕ್ಕನ ಹೆಗಲ ಮೇಲೆ ಯಾವಾಗಲೂ ಒಂದು ಒರೆಸುವ ಬಟ್ಟೆ ಇರುತ್ತಿತ್ತು. ಮಾತಾಡುತ್ತಲೇ ಸ್ವಿಚ್ ಬೋರ್ಡು, ಬಾಗಿಲ ಚಿಲಕ, ಒಮ್ಮೊಮ್ಮೆ ನಮ್ಮ ಸ್ಕೂಟರಿನ ಸೀಟನ್ನೂ ಒರೆಸುತ್ತಿದ್ದರು. ಯಾಕಕ್ಕಾ ಎಂದರೆ, "ಬರೋರು ಏನಂದ್ಕೋತಾರೆ ಕಣಮ್ಮ?" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇರಲಿಲ್ಲ. ಮಗಳ ಬಾಣಂತನಕ್ಕೆ ತುಪ್ಪ ಕಾಯಿಸಲೆಂದು ಅಕ್ಕ ದಿನವೂ ಹಾಲಿನ ಕೆನೆ ತೆಗೆದು ಫ್ರೀಜರಿನಲ್ಲಿ ಕೂಡಿಡುತ್ತಿದ್ದರು. ಅಷ್ಟೂ ಕರಗಿ, ಕೆಟ್ಟು, ಫ್ರಿಜ್ಜಿನ ತುಂಬ ಹರಿದಿತ್ತು. ಅಕ್ಕ ಸುಮ್ಮನಿರಲಿಲ್ಲ. ವಿದ್ಯುತ್ ಕಚೇರಿಗೆ ಹೋಗಿ, ಜಗಳವಾಡಿ, ಪರಿಹಾರ ಕೇಳಿದರು. "ನಾಳೆ ಬಂದು ನೋಡ್ತೀವಿ, ಎಲ್ಲಾ ಹಾಗೇ ಇಟ್ಟಿರಿ" ಎಂದರಂತೆ ಅಲ್ಲಿಯವರು.

ಮರುದಿನ ಎಂಜಿನಿಯರ್ ಬಂದಾಗ ನಾನೂ ಅಲ್ಲಿದ್ದೆ. ಅಕ್ಕ ಫ್ರಿಜ್ಜಿನ ಬಾಗಿಲು ತೆರೆದರು. ಒಳಗೆಲ್ಲ ಫಳಫಳ, ನಿಂಬೆಹಣ್ಣಿನ ವಾಸನೆ ಬೇರೆ.

"ನಷ್ಟ ಎಲ್ಲಮ್ಮ?"

"ತೊಳೆದ್ಬಿಟ್ಟೆ ಸಾರ್, ನೀವು ಬರ್ತೀರ ಅಂತ."

"ನಮ್ಮನೇಲೂ ಇಷ್ಟು ಕ್ಲೀನಾಗಿಲ್ಲ. ನಾನೇನಂತ ಬರೀಲಿ?"

ಎಂಜಿನಿಯರ್ ಕಾಫಿ ಕುಡಿದು ಹೋದರು. ಪರಿಹಾರ ಬರಲಿಲ್ಲ. ಬಾಣಂತಿಗೆ ಅಂಗಡಿ ತುಪ್ಪವೇ ಬಂತು. ಅದನ್ನು ಬಡಿಸುವಾಗೆಲ್ಲ ಅಕ್ಕನ ಮುಖ ಸಣ್ಣಗಾಗುತ್ತಿತ್ತು.

ಮುಂದೊಮ್ಮೆ ಕರೆಂಟ್ ಹೋದಾಗ ನಮ್ಮ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ನೆಲಕ್ಕೆ ಹರಿಯಿತು. ಸುದ್ದಿ ಕೇಳಿ ಅಕ್ಕ ಮೆಟ್ಟಿಲು ಹತ್ತಿ ಓಡಿ ಬಂದರು.

"ಮುಟ್ಟಬೇಡ ಕಣಮ್ಮ. ಆಫೀಸಿನೋರು ಬಂದು ನೋಡೋವರೆಗೂ ಹಾಗೇ ಬಿಡು."

ಹೇಳುತ್ತಿದ್ದಂತೆಯೇ ಹೆಗಲ ಬಟ್ಟೆ ಕೆಳಗಿಳಿದಿತ್ತು. ಅಕ್ಕ ಕುಕ್ಕರಗಾಲಲ್ಲಿ ಕೂತು ನಮ್ಮ ನೆಲ ಒರೆಸುತ್ತಿದ್ದರು.